ಪೂರ್ತಿ ಕೊಡದ ದಾನಿ ಜೂಲಿಯಸ್ ರೋಸೆನ್‌ವಾಲ್ಡ್

ಅಮೆರಿಕದ ಅಲಬಾಮಾ ರಾಜ್ಯದ ಒಂದು ಹಳ್ಳಿ. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳು. ಮಕ್ಕಳಿಗೊಂದು ಶಾಲೆ ಕಟ್ಟಲು ಹಣ ಕೂಡಿಸಬೇಕೆಂದು ಊರಿನ ಕಪ್ಪು ಜನರೆಲ್ಲ ಸಭೆ ಸೇರಿದ್ದರು. ಬಂದವರಲ್ಲಿ ಹೆಚ್ಚಿನವರು ಬೇರೆಯವರ ಹೊಲದಲ್ಲಿ ಹತ್ತಿ ಬೆಳೆದು ಪಾಲು ಒಪ್ಪಿಸುವ ಗೇಣಿದಾರರು. ಗುಲಾಮಗಿರಿಯ ಕಾಲವನ್ನು ಕಣ್ಣಾರೆ ಕಂಡಿದ್ದ ವೃದ್ಧರೊಬ್ಬರು ನಿಧಾನವಾಗಿ ಎದ್ದು ಮೇಜಿನ ಬಳಿ ಬಂದರು. ಜೇಬಿನಿಂದ ಜಿಡ್ಡುಹಿಡಿದ ಹಳೆಯ ಚೀಲವೊಂದನ್ನು ತೆಗೆದು ಬರಿದು ಮಾಡಿದರು. ಎಲ್ಲವೂ ಚಿಲ್ಲರೆ ನಾಣ್ಯ. ಎಣಿಸಿದಾಗ 38 ಡಾಲರ್ ಆಯಿತು. ಅದು ಅವರ ಜೀವಮಾನದ ಉಳಿತಾಯ. ಅಂದಿನ ಸಭೆಯಲ್ಲಿದ್ದ ಶಾಲಾ ನಿರ್ಮಾಣ ಪ್ರತಿನಿಧಿಯ ವರದಿಯಲ್ಲಿ ಈ ಘಟನೆ ದಾಖಲಾಗಿದೆ.

ಆ ಹಳ್ಳಿಯಿಂದ ಸಾವಿರ ಕಿಲೊಮೀಟರ್‌ನಷ್ಟು ದೂರದ ಷಿಕಾಗೋ ನಗರದಲ್ಲಿ ಒಬ್ಬ ಸಿರಿವಂತರಿದ್ದರು. ಅಂಥ ನೂರು ಶಾಲೆಗಳನ್ನು ಒಂದೇ ಚೆಕ್ಕಿನಲ್ಲಿ ಕಟ್ಟಿಸಿಕೊಡುವ ಶಕ್ತಿ ಅವರಿಗಿತ್ತು. ಆದರೆ ಅವರು ಕಟ್ಟಿಸಿಕೊಡಲಿಲ್ಲ. ಊರಿನವರು ತಮ್ಮ ಪಾಲು ಹಾಕಬೇಕು, ಸರ್ಕಾರ ತನ್ನ ಪಾಲು ಹಾಕಬೇಕು, ಆಗ ಮಾತ್ರ ತಮ್ಮ ಪಾಲು ಬರುತ್ತದೆ ಎಂಬ ಷರತ್ತಿಗೆ ಅವರು ಅಂಟಿಕೊಂಡರು. ಆ ಷರತ್ತಿನ ಬಲದಿಂದಲೇ ಇಪ್ಪತ್ತು ವರ್ಷಗಳಲ್ಲಿ ಅಮೆರಿಕದ 15 ರಾಜ್ಯಗಳಲ್ಲಿ 4,977 ಶಾಲೆಗಳು ಎದ್ದು ನಿಂತವು.

ಆ ಸಿರಿವಂತರ ಹೆಸರು ಜೂಲಿಯಸ್ ರೋಸೆನ್‌ವಾಲ್ಡ್. ಬಡವರಿಗೆ ಅನುದಾನ ಕೊಡುವಾಗ ಬಡವರಿಂದಲೂ ಪಾಲು ಕೇಳುವುದು ಗೌರವವೋ, ಕ್ರೌರ್ಯವೋ? ಸ್ವಾವಲಂಬನೆಯ ಹೆಸರಿನಲ್ಲಿ ನಡೆಯುವ ಎಲ್ಲ ಯೋಜನೆಗಳೂ ಒಂದಲ್ಲ ಒಂದು ದಿನ ಎದುರಿಸಲೇಬೇಕಾದ ಈ ಪ್ರಶ್ನೆಗೆ ಅವರ ಬದುಕು ಒಂದು ದೀರ್ಘ ಉತ್ತರದಂತಿದೆ.

ಲಿಂಕನ್ ಮನೆಯ ನೆರೆಯಲ್ಲಿ

ರೋಸೆನ್‌ವಾಲ್ಡ್ ಹುಟ್ಟಿದ್ದು 1862ರ ಆಗಸ್ಟ್ 12ರಂದು, ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಅಧ್ಯಕ್ಷರಾಗುವ ಮುನ್ನ ಅಬ್ರಹಾಂ ಲಿಂಕನ್ ವಾಸವಾಗಿದ್ದ ಊರು ಅದು. ಗುಲಾಮಗಿರಿಯ ಪ್ರಶ್ನೆಯ ಮೇಲೆ ದೇಶ ಎರಡಾಗಿ ಹೋಳಾಗಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಬಾಲಕ ಜೂಲಿಯಸ್ ಬೆಳೆದ ಮನೆ ಲಿಂಕನ್ನರ ಮನೆಯಿಂದ ಬಹಳ ದೂರವಿರಲಿಲ್ಲ.

ತಂದೆ ಸ್ಯಾಮ್ಯುಯೆಲ್ ಜರ್ಮನಿಯಿಂದ ವಲಸೆ ಬಂದ ಯಹೂದಿ. ಗಂಟು ಹೊತ್ತು ಊರೂರು ತಿರುಗಿ ಸರಕು ಮಾರುತ್ತಿದ್ದವರು ಮುಂದೆ ಸಿದ್ಧ ಉಡುಪಿನ ಅಂಗಡಿಯ ಮಾಲೀಕರಾದರು. ಮಗ ಪ್ರೌಢಶಾಲೆಯನ್ನು ಪೂರ್ತಿ ಮಾಡಲಿಲ್ಲ. ಹದಿನಾರರ ವಯಸ್ಸಿನ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿದ್ದ ಸೋದರಮಾವಂದಿರ ಬಟ್ಟೆ ವ್ಯಾಪಾರದಲ್ಲಿ ಕೆಲಸ ಕಲಿಯಲು ಹೊರಟರು. ಕೆಲವು ವರ್ಷಗಳ ಬಳಿಕ ಷಿಕಾಗೋಗೆ ಬಂದು ಬಂಧುವೊಬ್ಬರ ಜೊತೆ ಸೇರಿ ಗಂಡಸರ ಉಡುಪು ತಯಾರಿಸುವ ಉದ್ಯಮ ನಡೆಸಿದರು. 1890ರಲ್ಲಿ ಆಗಸ್ಟಾ ನುಸ್‌ಬಾಮ್ ಅವರನ್ನು ವಿವಾಹವಾದರು. ದಂಪತಿಗೆ ಐವರು ಮಕ್ಕಳು.

ಅವರ ಅದೃಷ್ಟ ತಿರುಗಿದ್ದು 1895ರಲ್ಲಿ. ರಿಚರ್ಡ್ ಸಿಯರ್ಸ್ ಎಂಬ ಮಾತುಗಾರ ವ್ಯಾಪಾರಿ ಅಂಚೆಯ ಮೂಲಕ ಸರಕು ಮಾರುವ ಸಿಯರ್ಸ್ ರೋಬಕ್ ಕಂಪನಿಯನ್ನು ನಡೆಸುತ್ತಿದ್ದರು. ಬೇಡಿಕೆ ಬೆಟ್ಟದಷ್ಟಿದ್ದರೂ ಬಂಡವಾಳವಿರಲಿಲ್ಲ. ರೋಸೆನ್‌ವಾಲ್ಡ್ ಮತ್ತು ಅವರ ಪತ್ನಿಯ ಸೋದರ ಆರನ್ ನುಸ್‌ಬಾಮ್ ತಲಾ 37,500 ಡಾಲರ್ ಹೂಡಿ ಕಂಪನಿಯ ಅರ್ಧ ಪಾಲನ್ನು ಕೊಂಡರು. ಸಿಯರ್ಸ್ ಅವರದು ಜಾಹೀರಾತಿನ ಜಾಣ್ಮೆಯಾದರೆ, ರೋಸೆನ್‌ವಾಲ್ಡ್ ಅವರದು ವ್ಯವಸ್ಥೆಯ ಶಿಸ್ತು. ಹೇಳಿದ ಗುಣಮಟ್ಟದ ಸರಕನ್ನೇ ಕಳುಹಿಸುವುದು, ಗ್ರಾಹಕನಿಗೆ ಒಪ್ಪಿಗೆಯಾಗದಿದ್ದರೆ ಹಣ ಹಿಂದಿರುಗಿಸುವುದು ಕಂಪನಿಯ ಪದ್ಧತಿಯಾಯಿತು. ಪೇಟೆಯ ಮುಖ ಕಾಣದ ರೈತ ಕುಟುಂಬವೂ ಕ್ಯಾಟಲಾಗ್ ನೋಡಿ ಹೊಲಿಗೆ ಯಂತ್ರದಿಂದ ಹಿಡಿದು ನೇಗಿಲಿನವರೆಗೆ ತರಿಸಿಕೊಳ್ಳತೊಡಗಿತು. 1906ರಲ್ಲಿ ಕಂಪನಿಯ ಷೇರುಗಳು ಮಾರುಕಟ್ಟೆಗೆ ಬಂದವು. 1908ರಲ್ಲಿ ಸಿಯರ್ಸ್ ಕೆಳಗಿಳಿದಾಗ ರೋಸೆನ್‌ವಾಲ್ಡ್ ಅಧ್ಯಕ್ಷರಾದರು. ಅಷ್ಟರಲ್ಲಿ ಅವರು ಅಮೆರಿಕದ ಅತಿ ಶ್ರೀಮಂತರ ಸಾಲಿಗೆ ಸೇರಿದ್ದರು.

ಅದೇ 1908ರ ಆಗಸ್ಟ್‌ನಲ್ಲಿ ಅವರ ಹುಟ್ಟೂರಿನಲ್ಲಿ ಬಿಳಿಯರ ಗುಂಪು ಕಪ್ಪು ಜನರ ಮನೆ, ಅಂಗಡಿಗಳಿಗೆ ಬೆಂಕಿಯಿಟ್ಟಿತು. ಇಬ್ಬರು ಕಪ್ಪು ಪುರುಷರನ್ನು ಹಿಡಿದು ಕೊಂದಿತು. ಲಿಂಕನ್ನರ ಊರಿನಲ್ಲೇ ನಡೆದ ಈ ಹಿಂಸೆ ದೇಶವನ್ನು ಬೆಚ್ಚಿಬೀಳಿಸಿತು. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆ ಮರುವರ್ಷ ಹುಟ್ಟಿಕೊಳ್ಳಲು ಇದೇ ಪ್ರೇರಣೆಯಾಯಿತು.

ಮೊದಲ ಷರತ್ತು

ರೋಸೆನ್‌ವಾಲ್ಡ್ ಅವರಿಗೆ ದಾನದ ದೀಕ್ಷೆ ಕೊಟ್ಟವರು ಷಿಕಾಗೋದ ಸಿನಾಯ್ ಯಹೂದಿ ಸಭೆಯ ಧರ್ಮಗುರು ಎಮಿಲ್ ಹರ್ಷ್. ಸಂಪತ್ತು ಉಳ್ಳವನ ಸ್ವಂತದ್ದಲ್ಲ, ಸಮಾಜದ ಪರವಾಗಿ ಅವನ ವಶದಲ್ಲಿರುವ ಒತ್ತೆ ಎಂಬುದು ಅವರ ಬೋಧನೆಯ ಸಾರ. 1910ರಲ್ಲಿ ಗೆಳೆಯರೊಬ್ಬರು ಎರಡು ಪುಸ್ತಕ ಕೊಟ್ಟರು. ಒಂದು, ಗುಲಾಮನಾಗಿ ಹುಟ್ಟಿ ಅಲಬಾಮಾದ ಟಸ್ಕೀಗಿಯಲ್ಲಿ ಕಪ್ಪು ವಿದ್ಯಾರ್ಥಿಗಳಿಗಾಗಿ ವಿದ್ಯಾಸಂಸ್ಥೆ ಕಟ್ಟಿದ ಬುಕರ್ ಟಿ. ವಾಷಿಂಗ್ಟನ್ ಅವರ ಆತ್ಮಕಥೆ. ಇನ್ನೊಂದು, ದಕ್ಷಿಣದ ಶಿಕ್ಷಣಕ್ಕೆ ದುಡಿದ ರೈಲ್ವೆ ಉದ್ಯಮಿ ವಿಲಿಯಂ ಬಾಲ್ಡ್‌ವಿನ್ ಅವರ ಜೀವನಚರಿತ್ರೆ. ರಷ್ಯಾದಲ್ಲಿ ಯಹೂದಿಗಳ ಮೇಲೆ ನಡೆಯುತ್ತಿದ್ದ ದಾಳಿಗಳ ಸುದ್ದಿ ಓದಿ ನೊಂದಿದ್ದ ರೋಸೆನ್‌ವಾಲ್ಡ್ ಅವರಿಗೆ ತಮ್ಮ ನೆಲದಲ್ಲಿಯೇ ಅದರ ಪ್ರತಿರೂಪ ಕಂಡಿತು.

ಅದೇ ವರ್ಷದ ಕೊನೆಗೆ ಅವರ ಮೊದಲ ಷರತ್ತಿನ ಅನುದಾನ ಪ್ರಕಟವಾಯಿತು. ಕಪ್ಪು ಯುವಕರಿಗಾಗಿ ವೈಎಂಸಿಎ ಕಟ್ಟಡ ಕಟ್ಟುವ ಯಾವುದೇ ನಗರ 75,000 ಡಾಲರ್ ಕೂಡಿಸಿದರೆ ತಾವು 25,000 ಡಾಲರ್ ಕೊಡುವುದಾಗಿ ಅವರು ಸಾರಿದರು. ಹೋಟೆಲುಗಳು ಕಪ್ಪು ಪ್ರಯಾಣಿಕರಿಗೆ ಬಾಗಿಲು ಮುಚ್ಚುತ್ತಿದ್ದ ಕಾಲದಲ್ಲಿ ವಸತಿ, ಊಟ, ತರಗತಿ, ಉದ್ಯೋಗದ ಮಾಹಿತಿ ಒಂದೇ ಸೂರಿನಡಿ ದೊರೆಯುವ ತಾಣ ಅದು. ಸುಮಾರು 25 ನಗರಗಳಲ್ಲಿ ಇಂಥ ಕಟ್ಟಡಗಳು ತಲೆಯೆತ್ತಿದವು. ಷಿಕಾಗೋದ ವಾಬಾಷ್ ಅವೆನ್ಯೂದಲ್ಲಿ 1913ರಲ್ಲಿ ತೆರೆದ ಕಟ್ಟಡ ದಕ್ಷಿಣದಿಂದ ಕೆಲಸ ಹುಡುಕಿಕೊಂಡು ಬಂದ ಅಸಂಖ್ಯ ಯುವಕರಿಗೆ ನಗರದ ಮೊದಲ ಆಸರೆಯಾಯಿತು.

1912ರಲ್ಲಿ ಇದೇ ಸೂತ್ರ ಹೊಲಕ್ಕೂ ಇಳಿಯಿತು. ರೈತರಿಗೆ ಹೊಸ ಬೇಸಾಯ ಪದ್ಧತಿ ತಿಳಿಸಿಕೊಡುವ ಕೃಷಿ ಸಲಹೆಗಾರನನ್ನು ನೇಮಿಸಿಕೊಳ್ಳುವ ಮೊದಲ 100 ಕೌಂಟಿಗಳಿಗೆ, ಎಂದರೆ ನಮ್ಮ ಜಿಲ್ಲೆಗಳಂಥ ಆಡಳಿತ ಘಟಕಗಳಿಗೆ, ತಲಾ 1,000 ಡಾಲರ್ ಘೋಷಿಸಿದರು. ಉಳಿದ ವೆಚ್ಚ ಸ್ಥಳೀಯರದು. 1914ರಲ್ಲಿ ಅಮೆರಿಕ ಸರ್ಕಾರ ಸ್ಮಿತ್-ಲಿವರ್ ಕಾಯ್ದೆಯ ಮೂಲಕ ಕೃಷಿ ವಿಸ್ತರಣೆಯ ಹೊಣೆಯನ್ನು ತಾನೇ ಹೊತ್ತುಕೊಂಡಿತು. ಖಾಸಗಿ ಹಣ ಒಂದು ಕೆಲಸವನ್ನು ಆರಂಭಿಸಿ ತೋರಿಸಬೇಕು, ಬಳಿಕ ಸರ್ಕಾರ ಅದನ್ನು ನಡೆಸಬೇಕು ಎಂಬ ರೋಸೆನ್‌ವಾಲ್ಡ್ ಅವರ ನಂಬಿಕೆಗೆ ಇದರಿಂದ ಬಲ ಬಂತು. ರೈತರೇ ಸಿಯರ್ಸ್‌ನ ಗ್ರಾಹಕರಾದ್ದರಿಂದ ಹೊಲ ಬೆಳೆದರೆ ಕಂಪನಿಯೂ ಬೆಳೆಯುತ್ತಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಮುನ್ನೂರು ಡಾಲರಿನ ಶಾಲೆ

1911ರ ಮೇ ತಿಂಗಳಲ್ಲಿ ಬುಕರ್ ವಾಷಿಂಗ್ಟನ್ ಷಿಕಾಗೋಗೆ ಬಂದಾಗ ಇಬ್ಬರ ಭೇಟಿಯಾಯಿತು. ಅದೇ ವರ್ಷ ರೋಸೆನ್‌ವಾಲ್ಡ್ ಕುಟುಂಬಸಮೇತ ಟಸ್ಕೀಗಿಗೆ ಹೋಗಿ ಬಂದರು. ಮರುವರ್ಷ ಆ ಸಂಸ್ಥೆಯ ಧರ್ಮದರ್ಶಿ ಮಂಡಳಿಗೆ ಸೇರಿದರು.

1912ರ ಆಗಸ್ಟ್‌ನಲ್ಲಿ ಅವರಿಗೆ ಐವತ್ತು ತುಂಬಿತು. ಹುಟ್ಟುಹಬ್ಬದ ಸಲುವಾಗಿ ವಿವಿಧ ಸಂಸ್ಥೆಗಳಿಗೆ ಒಟ್ಟು ಸುಮಾರು 6.87 ಲಕ್ಷ ಡಾಲರ್ ಹಂಚಿದರು. ಅದರಲ್ಲಿ 25,000 ಡಾಲರ್ ಟಸ್ಕೀಗಿಯ ಮೂಲಕ ಕಪ್ಪು ವಿದ್ಯಾರ್ಥಿಗಳ ಇತರ ಸಂಸ್ಥೆಗಳಿಗೆ ಸಲ್ಲಬೇಕಿತ್ತು. ಹಂಚಿಕೆಯ ಬಳಿಕ ಸ್ವಲ್ಪ ಹಣ ಉಳಿಯಿತು. ಅದನ್ನು ಅಲಬಾಮಾದ ಹಳ್ಳಿಗಳಲ್ಲಿ ಆರು ಪುಟ್ಟ ಶಾಲೆಗಳನ್ನು ಕಟ್ಟಲು ಬಳಸಬಹುದೇ ಎಂದು ವಾಷಿಂಗ್ಟನ್ ಕೇಳಿದರು. ರೋಸೆನ್‌ವಾಲ್ಡ್ ಒಪ್ಪಿದರು. ಮುಂದಿನ ಬೃಹತ್ ಕಾರ್ಯದ ಬೀಜ ಈ ಉಳಿಕೆ ಹಣದಲ್ಲಿತ್ತು.

ಆಗ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗೆ ಬಿಳಿಯ ಮಕ್ಕಳೊಂದಿಗೆ ಕಲಿಯುವ ಅವಕಾಶವನ್ನು ಕಾನೂನೇ ನಿರಾಕರಿಸಿತ್ತು. ಅವರಿಗೆಂದು ಮೀಸಲಾದ ಶಾಲೆಗಳಿಗೆ ಸರ್ಕಾರ ಕೊಡುತ್ತಿದ್ದುದು ಪುಡಿಗಾಸು. ಚರ್ಚಿನ ಕೋಣೆ, ಸೋರುವ ಗುಡಿಸಲುಗಳಲ್ಲೇ ಪಾಠ. ವರ್ಷದಲ್ಲಿ ಕೆಲವೇ ತಿಂಗಳು ತರಗತಿ, ಉಳಿದ ಕಾಲ ಹತ್ತಿಯ ಹೊಲ. ಓದು ಬಾರದ ಗೇಣಿದಾರನಿಗೆ ಸುಗ್ಗಿಯ ಕೊನೆಯಲ್ಲಿ ಒಡೆಯ ಬರೆದ ಲೆಕ್ಕ ಸರಿಯೇ ತಪ್ಪೇ ಎಂದು ತಿಳಿಯುವ ದಾರಿಯೂ ಇರಲಿಲ್ಲ. ಸಾಲ ತೀರುತ್ತಿರಲಿಲ್ಲ, ಬಡತನವೂ ಬಿಡುತ್ತಿರಲಿಲ್ಲ. ಹೀಗಾಗಿ ಆ ಕುಟುಂಬಗಳ ಪಾಲಿಗೆ ಅಕ್ಷರವೆಂದರೆ ಬಿಡುಗಡೆಯ ಮೊದಲ ಮೆಟ್ಟಿಲು.

ಮೊದಲ ಶಾಲೆ 1913ರಲ್ಲಿ ಟಸ್ಕೀಗಿಗೆ ಸಮೀಪದ ಲೋಚಪೋಕ ಎಂಬಲ್ಲಿ ಸಿದ್ಧವಾಯಿತು. ಅದರ ಲೆಕ್ಕ ನೋಡಿದರೆ ಇಡೀ ಯೋಜನೆಯ ಸ್ವರೂಪ ತಿಳಿಯುತ್ತದೆ. ಒಟ್ಟು ವೆಚ್ಚ 942 ಡಾಲರ್ 50 ಸೆಂಟ್. ಊರಿನ ಕಪ್ಪು ಕುಟುಂಬಗಳು ನಿವೇಶನಕ್ಕೆಂದು 150 ಡಾಲರ್ ಕೂಡಿಸಿದವು. ಅವರು ಮಾಡಿದ ಶ್ರಮದಾನದ ಬೆಲೆ 132 ಡಾಲರ್ 50 ಸೆಂಟ್. ಸ್ಥಳೀಯ ಬಿಳಿಯರು ಕೊಟ್ಟಿದ್ದು 360 ಡಾಲರ್. ರೋಸೆನ್‌ವಾಲ್ಡ್ ಕೊಟ್ಟಿದ್ದು 300 ಡಾಲರ್, ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ಸಿಯರ್ಸ್ ಕಂಪನಿ ಆಗ ಮರದ ಮನೆಗಳ ಬಿಡಿಭಾಗಗಳನ್ನೂ ಮಾರುತ್ತಿತ್ತು. ಶಾಲೆಗೂ ಅಂಥ ಸಿದ್ಧ ಸಾಮಗ್ರಿಯನ್ನು ಬಳಸಬಹುದೆಂಬ ಆಲೋಚನೆಯನ್ನು ವಾಷಿಂಗ್ಟನ್ ಒಪ್ಪಲಿಲ್ಲ. ಊರಿನ ಮರ, ಊರಿನ ಬಡಗಿ, ಊರಿನ ಬೆವರು ಸೇರಿದರೆ ಮಾತ್ರ ಶಾಲೆ ಊರಿನದಾಗುತ್ತದೆ ಎಂಬುದು ಅವರ ನಿಲುವು. ದಾನಿಯೂ ಇದಕ್ಕೆ ತಲೆಬಾಗಿದರು. ಪಡೆಯುವವರ ಪರವಾಗಿ ಮಾತನಾಡುವ ವ್ಯಕ್ತಿಯ ಮಾತನ್ನು ಕೊಡುವವರು ಕೇಳಿಸಿಕೊಂಡದ್ದು ಈ ಯೋಜನೆಯ ಯಶಸ್ಸಿನ ಒಂದು ಗುಟ್ಟು.

1914ರಲ್ಲಿ ಇನ್ನೂ 100 ಶಾಲೆಗಳಿಗೆ ಹಣ ಮಂಜೂರಾಯಿತು. 1915ರ ನವೆಂಬರ್‌ನಲ್ಲಿ ವಾಷಿಂಗ್ಟನ್ ತೀರಿಕೊಂಡರು. ಆದರೂ ಕೆಲಸ ನಿಲ್ಲಲಿಲ್ಲ. ಟಸ್ಕೀಗಿಯ ಕ್ಲಿಂಟನ್ ಕ್ಯಾಲೊವೇ ಅದನ್ನು ಮುನ್ನಡೆಸಿದರು. 1917ರಲ್ಲಿ ರೋಸೆನ್‌ವಾಲ್ಡ್ ನಿಧಿ ಕಾನೂನುಬದ್ಧ ಸಂಸ್ಥೆಯಾಗಿ ನೋಂದಣಿಯಾಯಿತು.

ಶಾಲೆಗೆಂದು ಬಿತ್ತಿದ ಹತ್ತಿ

ಕೈಯಲ್ಲಿ ನಗದು ಕಾಣದ ಗೇಣಿದಾರರು ಹಣ ಕೂಡಿಸಿದ್ದಾದರೂ ಹೇಗೆ? ಕೆಲವೆಡೆ ಶಾಲೆಗೆಂದೇ ಹೊಲದ ಒಂದು ತುಂಡನ್ನು ಬಿಟ್ಟು ಅಲ್ಲಿ ಹತ್ತಿ ಬಿತ್ತಿದರು. ಅದಕ್ಕೆ ರೋಸೆನ್‌ವಾಲ್ಡ್ ಹೊಲ ಎಂಬ ಹೆಸರೇ ಬಿತ್ತು. ಹೆಂಗಸರು ಕೋಳಿ, ಮೊಟ್ಟೆ ಮಾರಿದರು. ಊಟದ ಪೊಟ್ಟಣ ಕಟ್ಟಿ ಹರಾಜು ಹಾಕಿದರು. ಕೆಲವರು ಮರ ಕೊಟ್ಟರು, ಕೆಲವರು ಗಾಡಿ ಹೂಡಿ ಸಾಮಗ್ರಿ ಸಾಗಿಸಿದರು. ಏನೂ ಇಲ್ಲದವರು ದುಡಿಮೆ ಕೊಟ್ಟರು.

ಷರತ್ತುಗಳೂ ಬಿಗಿಯಾಗುತ್ತ ಹೋದವು. ನಿವೇಶನವನ್ನು ಸರ್ಕಾರದ ಶಾಲಾ ಆಡಳಿತದ ಹೆಸರಿಗೆ ಬರೆದುಕೊಡಬೇಕು. ಕಟ್ಟಡ ಅಂಗೀಕೃತ ನಕ್ಷೆಯಂತೆಯೇ ಇರಬೇಕು. ಬೆಂಚು, ಕಪ್ಪುಹಲಗೆ, ಶೌಚಾಲಯ ಇರಲೇಬೇಕು. ವರ್ಷಕ್ಕೆ ಕನಿಷ್ಠ ಐದು ತಿಂಗಳು ಪಾಠ ನಡೆಯಬೇಕು. ಇವೆಲ್ಲ ಮೇಲ್ನೋಟಕ್ಕೆ ಕಚೇರಿಯ ಕಟ್ಟಳೆಗಳಂತೆ ಕಾಣುತ್ತವೆ. ಆದರೆ ಇವುಗಳ ಗುರಿ ಸರ್ಕಾರವಾಗಿತ್ತು. ಶಾಲೆ ಸಾರ್ವಜನಿಕ ಆಸ್ತಿಯಾದರೆ ಶಿಕ್ಷಕರ ಸಂಬಳ, ದುರಸ್ತಿ, ನಿರ್ವಹಣೆಯ ಹೊಣೆಯಿಂದ ಸರ್ಕಾರ ನುಣುಚಿಕೊಳ್ಳುವಂತಿರಲಿಲ್ಲ. ಕಪ್ಪು ಮಕ್ಕಳಿಗೆ ಕಿಲುಬುಕಾಸು ಬಿಚ್ಚದ ಸ್ಥಳೀಯ ಆಡಳಿತಗಳನ್ನು ಹಣದ ಆಸೆ ತೋರಿಸಿ ಕಣಕ್ಕೆ ಎಳೆದದ್ದೇ ಈ ಅನುದಾನದ ನಿಜವಾದ ಜಾಣ್ಮೆ.

ನಕ್ಷೆಗಳನ್ನು ಮೊದಲು ಸಿದ್ಧಪಡಿಸಿದವರಲ್ಲಿ ಟಸ್ಕೀಗಿಯ ವಾಸ್ತುಶಿಲ್ಪಿ ರಾಬರ್ಟ್ ಟೇಲರ್ ಪ್ರಮುಖರು. ಎಂಐಟಿಯಿಂದ ಪದವಿ ಪಡೆದ ಮೊದಲ ಕಪ್ಪು ವ್ಯಕ್ತಿ ಅವರು. ಹಳ್ಳಿಗಳಿಗೆ ವಿದ್ಯುತ್ ಬಂದಿರಲಿಲ್ಲ. ಹಾಗಾಗಿ ಸಾಲು ಸಾಲು ಎತ್ತರದ ಕಿಟಕಿಗಳಿಂದ ಹಗಲ ಬೆಳಕು ಒಳಬರುವಂತೆ ಕೋಣೆಗಳನ್ನು ರೂಪಿಸಲಾಯಿತು. ಕೈಕಸುಬು ಕಲಿಸಲೊಂದು ಕೋಣೆ. ನಡುವಿನ ಅಡ್ಡಗೋಡೆ ಸರಿಸಿದರೆ ಎರಡು ತರಗತಿಗಳು ಸೇರಿ ಊರಿನ ಸಭಾಂಗಣ. ಹಗಲು ಮಕ್ಕಳ ಪಾಠ ನಡೆದ ಜಾಗದಲ್ಲೇ ಹಿರಿಯರ ಸಭೆ, ಬೇಸಾಯದ ಮಾಹಿತಿ ಕಾರ್ಯಕ್ರಮಗಳಿಗೂ ಅನುಕೂಲವಾಯಿತು.

ಎಲ್ಲವೂ ಸರಾಗವಾಗಿ ನಡೆಯಿತೆಂದಲ್ಲ. 1919ರ ಹೊತ್ತಿಗೆ ಕೆಲಸ ಟಸ್ಕೀಗಿಯ ಕೈಮೀರಿ ಬೆಳೆದಿತ್ತು. ತಜ್ಞರಿಂದ ತಪಾಸಣೆ ಮಾಡಿಸಿದಾಗ ಹಲವು ಕಟ್ಟಡಗಳ ಗುಣಮಟ್ಟ ಕಳಪೆಯೆಂದು ಕಂಡುಬಂತು. 1920ರಲ್ಲಿ ಆಡಳಿತ ಟೆನೆಸಿಯ ನ್ಯಾಶ್‌ವಿಲ್‌ಗೆ ಸ್ಥಳಾಂತರಗೊಂಡು ಸ್ಯಾಮ್ಯುಯೆಲ್ ಸ್ಮಿತ್ ಅವರ ವಶಕ್ಕೆ ಬಂತು. ಶಿಸ್ತು ಹೆಚ್ಚಿತು. ಆದರೆ ಕಪ್ಪು ಜನರ ಸಂಸ್ಥೆಯ ಕೈಯಲ್ಲಿದ್ದ ಚುಕ್ಕಾಣಿ ಬಿಳಿಯ ಅಧಿಕಾರಿಗಳ ಕೈ ಸೇರಿತು ಎಂಬುದೂ ನಿಜ.

ದಾನಿಯ ಮನೆಯ ಲೆಕ್ಕ

ಹೊರಗೆ ಕೊಡುಗೈಯಾಗಿದ್ದ ರೋಸೆನ್‌ವಾಲ್ಡ್ ತಮ್ಮ ಕಂಪನಿಯ ಒಳಗೆ ಕಟುಪ್ರಶ್ನೆ ಎದುರಿಸಬೇಕಾಯಿತು. 1913ರಲ್ಲಿ ಇಲಿನಾಯ್ ಶಾಸನಸಭೆಯ ಸಮಿತಿಯೊಂದು ದುಡಿಯುವ ಹೆಣ್ಣುಮಕ್ಕಳ ಅಲ್ಪ ವೇತನಕ್ಕೂ ಅವರು ವೇಶ್ಯಾವೃತ್ತಿಗೆ ದೂಡಲ್ಪಡುವುದಕ್ಕೂ ಇರುವ ಸಂಬಂಧದ ವಿಚಾರಣೆ ನಡೆಸಿತು. ಸಿಯರ್ಸ್‌ನ ಅಧ್ಯಕ್ಷರೂ ಸಾಕ್ಷಿ ಹೇಳಲು ಹಾಜರಾದರು. ಅಂಥ ಸಂಬಂಧವಿದೆಯೆಂಬುದನ್ನು ಅವರು ಅಲ್ಲಗಳೆದರು. ದೂರದ ಅಲಬಾಮಾದ ಬಡವರಿಗೆ ಹಣ ಹಂಚುವ ವ್ಯಕ್ತಿ ತನ್ನ ಗೋದಾಮಿನಲ್ಲಿ ದುಡಿಯುವ ಹುಡುಗಿಗೆ ಎಷ್ಟು ಕೊಡುತ್ತಾನೆ ಎಂಬ ಪ್ರಶ್ನೆ ಪತ್ರಿಕೆಗಳಲ್ಲಿ ಪ್ರತಿಧ್ವನಿಸಿತು. ಅವರ ಬದುಕಿನ ಚಿತ್ರದಿಂದ ಈ ಪ್ರಸಂಗವನ್ನು ಅಳಿಸಿಹಾಕುವುದು ನ್ಯಾಯವಲ್ಲ.

1916ರಲ್ಲಿ ಸಿಯರ್ಸ್ ನೌಕರರಿಗೆ ಲಾಭದಲ್ಲಿ ಪಾಲು ಕೊಡುವ ಯೋಜನೆ ಜಾರಿಯಾಯಿತು. ಇಲ್ಲಿಯೂ ಅದೇ ಹಳೆಯ ಸೂತ್ರ. ನೌಕರ ತನ್ನ ಸಂಬಳದ ಶೇ 5ರಷ್ಟು ಹಾಕಬೇಕು, ಕಂಪನಿ ತನ್ನ ಲಾಭದ ಒಂದು ಭಾಗ ಸೇರಿಸುತ್ತದೆ. ಆ ಹಣದ ಬಹುಪಾಲು ಕಂಪನಿಯ ಷೇರುಗಳಲ್ಲಿ ಹೂಡಿಕೆಯಾಗುತ್ತಿತ್ತು. ದೀರ್ಘಕಾಲ ದುಡಿದ ಅನೇಕರಿಗೆ ಅದು ಇಳಿವಯಸ್ಸಿನ ಆಧಾರವಾಯಿತು.

ಮೊದಲ ಮಹಾಯುದ್ಧದ ಬಳಿಕ ಕೃಷಿ ಉತ್ಪನ್ನಗಳ ಬೆಲೆ ಕುಸಿದು ರೈತರು ಕೊಳ್ಳುವುದನ್ನು ನಿಲ್ಲಿಸಿದಾಗ ಸಿಯರ್ಸ್ ದಿವಾಳಿಯ ಅಂಚಿಗೆ ಬಂತು. 1921ರ ಕೊನೆಗೆ ರೋಸೆನ್‌ವಾಲ್ಡ್ ತಮ್ಮ ಸ್ವಂತ ಆಸ್ತಿಯಿಂದ ಸುಮಾರು 2 ಕೋಟಿ ಡಾಲರ್ ಮೌಲ್ಯದ ನೆರವು ನೀಡಿ ಕಂಪನಿಯನ್ನು ಉಳಿಸಿದರು. ಈ ಬಾರಿ ಯಾರ ಸಮಪಾಲಿಗೂ ಕಾಯಲಿಲ್ಲ.

1929ರಲ್ಲಿ ಷಿಕಾಗೋದ ದಕ್ಷಿಣ ಭಾಗದಲ್ಲಿ ಕಪ್ಪು ಕುಟುಂಬಗಳಿಗಾಗಿ 421 ಮನೆಗಳ ವಸತಿ ಸಮುಚ್ಚಯ ಕಟ್ಟಿಸಿದರು. ಅದು ದಾನವಲ್ಲ, ಮಿತ ಲಾಭದ ಹೂಡಿಕೆ. ಒಳ್ಳೆಯ ಮನೆ ಕಟ್ಟಿ ನ್ಯಾಯವಾದ ಬಾಡಿಗೆ ಪಡೆದರೂ ನಷ್ಟವಾಗುವುದಿಲ್ಲವೆಂದು ಇತರ ಬಂಡವಾಳಗಾರರಿಗೆ ತೋರಿಸುವುದು ಅವರ ಉದ್ದೇಶವಾಗಿತ್ತು. ಆದರೆ ಅದೇ ವರ್ಷ ಬಂದೆರಗಿದ ಮಹಾ ಆರ್ಥಿಕ ಕುಸಿತದಲ್ಲಿ ಆ ಪಾಠ ಕಲಿಯುವವರೇ ಇಲ್ಲವಾದರು.

ಸೋವಿಯತ್ ಒಕ್ಕೂಟದ ಬಡ ಯಹೂದಿ ಕುಟುಂಬಗಳನ್ನು ಉಕ್ರೇನ್, ಕ್ರಿಮಿಯಾಗಳ ಹೊಲಗಳಲ್ಲಿ ನೆಲೆಗೊಳಿಸುವ ಯೋಜನೆಗೂ ಅವರು ಭಾರಿ ಮೊತ್ತ ತೊಡಗಿಸಿದ್ದರು. 1938ರಲ್ಲಿ ಸ್ಟಾಲಿನ್ ಆಡಳಿತ ಆ ಯೋಜನೆಯನ್ನೇ ಮುಚ್ಚಿಸಿತು. ಪ್ರಭುತ್ವ ಹಗೆಯಾದರೆ ಎಷ್ಟೇ ಹಣ ಸುರಿದರೂ ಬಡವನ ಕಾಲ ಕೆಳಗಿನ ನೆಲ ಗಟ್ಟಿಯಾಗದು ಎಂಬುದಕ್ಕೆ ಇದು ನಿದರ್ಶನ.

ಬಡವರು ತೆತ್ತ ಎರಡನೆಯ ತೆರಿಗೆ

ಶಾಲಾ ಯೋಜನೆ ಮುಗಿದಾಗ ಶಾಲೆ, ಶಿಕ್ಷಕರ ಮನೆ, ಕಾರ್ಯಾಗಾರ ಸೇರಿ ಒಟ್ಟು 5,357 ಕಟ್ಟಡಗಳು ನಿಂತಿದ್ದವು. ವೆಚ್ಚವಾದದ್ದು ಸುಮಾರು 2.84 ಕೋಟಿ ಡಾಲರ್. ಅದರಲ್ಲಿ ರೋಸೆನ್‌ವಾಲ್ಡ್ ನಿಧಿಯ ಪಾಲು ಸುಮಾರು 43 ಲಕ್ಷ. ಸರ್ಕಾರದ ತೆರಿಗೆ ಹಣ 1.81 ಕೋಟಿ. ಬಿಳಿಯ ದಾನಿಗಳದು 12 ಲಕ್ಷ. ಕಪ್ಪು ಜನರು ತಾವೇ ಕೂಡಿಸಿಕೊಟ್ಟದ್ದು ಸುಮಾರು 47 ಲಕ್ಷ ಡಾಲರ್.

ಈ ಅಂಕಿಗಳನ್ನು ಎರಡು ಬಾರಿ ಓದಬೇಕು. ಶಾಲೆಗಳಿಗೆ ರೋಸೆನ್‌ವಾಲ್ಡ್ ಹೆಸರು ಬಂದರೂ ಅವರಿಗಿಂತ ಹೆಚ್ಚು ಕೊಟ್ಟವರು ಹತ್ತಿಯ ಹೊಲದಲ್ಲಿ ಬೆನ್ನು ಬಗ್ಗಿಸಿ ದುಡಿದವರು. ಅಷ್ಟೇ ಅಲ್ಲ, ಸರ್ಕಾರದ ಹಣದಲ್ಲೂ ಅವರ ತೆರಿಗೆಯಿತ್ತು. ಬಿಳಿಯರ ಶಾಲೆಗಳಿಗೆ ತೆರಿಗೆಯ ಹಣ ಧಾರಾಳವಾಗಿ ಹರಿಯುವಾಗ ಕಪ್ಪು ಜನರು ತಮ್ಮ ಮಕ್ಕಳ ಶಾಲೆಗೆ ತೆರಿಗೆಯನ್ನೂ ತೆತ್ತು ವಂತಿಗೆಯನ್ನೂ ಕೊಡಬೇಕಾಯಿತು. ಇತಿಹಾಸಕಾರ ಜೇಮ್ಸ್ ಆಂಡರ್ಸನ್ 1988ರ ತಮ್ಮ ಗ್ರಂಥದಲ್ಲಿ ಇದನ್ನು ಎರಡು ಪಟ್ಟು ತೆರಿಗೆಯೆಂದೇ ವಿವರಿಸಿದ್ದಾರೆ. ಪ್ರತ್ಯೇಕತೆಯ ವ್ಯವಸ್ಥೆಯನ್ನು ಪ್ರಶ್ನಿಸದೆ ಅದರೊಳಗೇ ಒಳ್ಳೆಯ ಶಾಲೆ ಕಟ್ಟಲು ಹೊರಟದ್ದು ಅನ್ಯಾಯದೊಂದಿಗೆ ರಾಜಿಯಲ್ಲವೇ ಎಂಬ ಆಕ್ಷೇಪವೂ ಇದೆ.

ಆಕ್ಷೇಪದಲ್ಲಿ ಹುರುಳಿದೆ. ಆದರೆ ಅಂದಿನ ಹಳ್ಳಿಯ ತಾಯ್ತಂದೆಯರ ಮುಂದೆ ಇದ್ದ ಆಯ್ಕೆ ಸಮಾನತೆಯ ಶಾಲೆಯೋ, ಈ ಶಾಲೆಯೋ ಎಂಬುದಾಗಿರಲಿಲ್ಲ. ಈ ಶಾಲೆಯೋ, ಶಾಲೆಯೇ ಇಲ್ಲವೋ ಎಂಬುದಾಗಿತ್ತು. ಅನ್ಯಾಯವೆಂದು ಬಲ್ಲವರೇ ಎರಡನೆಯ ಬಾರಿಯೂ ತೆತ್ತರು. 38 ಡಾಲರಿನ ಚೀಲ ಬರಿದು ಮಾಡಿದ ವೃದ್ಧರಿಗೆ ಲೆಕ್ಕ ತಿಳಿದಿರಲಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ಅದರ ಫಲವೂ ಅಳತೆಗೆ ಸಿಕ್ಕಿದೆ. ಯೋಜನೆ ಕೊನೆಗೊಂಡಾಗ ದಕ್ಷಿಣದ ಗ್ರಾಮೀಣ ಕಪ್ಪು ಮಕ್ಕಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನವರಿಗೆ ಸಾಲುವಷ್ಟು ಸ್ಥಳಾವಕಾಶ ಈ ಶಾಲೆಗಳಲ್ಲಿತ್ತು. ಷಿಕಾಗೋದ ಫೆಡರಲ್ ರಿಸರ್ವ್ ಬ್ಯಾಂಕಿನ ಇಬ್ಬರು ಅರ್ಥಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಶಾಲೆಗಳ ಆಸುಪಾಸಿನ ಗ್ರಾಮೀಣ ಕಪ್ಪು ಮಕ್ಕಳ ಹಾಜರಿ, ಅಕ್ಷರಜ್ಞಾನ ಮತ್ತು ಕಲಿತ ವರ್ಷಗಳು ಗಣನೀಯವಾಗಿ ಏರಿದವು. ಬಿಳಿಯ ಮತ್ತು ಕಪ್ಪು ಮಕ್ಕಳ ನಡುವಿನ ಶಿಕ್ಷಣದ ಅಂತರ ಕಿರಿದಾಯಿತು. ಇಲ್ಲಿ ಕಲಿತವರು ಉತ್ತರದ ನಗರಗಳಿಗೆ ವಲಸೆ ಹೋಗಿ ಉತ್ತಮ ಬದುಕು ಕಂಡುಕೊಳ್ಳುವ ಸಾಧ್ಯತೆಯೂ ಹೆಚ್ಚಿತು. ಮುಂದೆ ನಾಗರಿಕ ಹಕ್ಕುಗಳ ಹೋರಾಟದ ಮುಂಚೂಣಿಯಲ್ಲಿ ನಿಂತ ಜಾನ್ ಲೂಯಿಸ್, ಕವಯಿತ್ರಿ ಮಾಯಾ ಏಂಜೆಲೊ ಇಂಥ ಶಾಲೆಗಳಲ್ಲಿ ಓದಿದವರು.

ಮುಗಿಯಲೆಂದೇ ಇಟ್ಟ ನಿಧಿ

ತಲೆತಲಾಂತರದವರೆಗೆ ಬಡ್ಡಿಯಲ್ಲಿ ನಡೆಯುವ ದತ್ತಿನಿಧಿಗಳ ಬಗ್ಗೆ ರೋಸೆನ್‌ವಾಲ್ಡ್ ಅವರಿಗೆ ಒಲವಿರಲಿಲ್ಲ. ಸತ್ತವನ ಇಚ್ಛೆ ಮುಂದಿನ ಪೀಳಿಗೆಯ ಕೈ ಕಟ್ಟಬಾರದು, ಅಸಲು ಕಾಯುವುದೇ ಕಸುಬಾದರೆ ಸಂಸ್ಥೆ ಜಡವಾಗುತ್ತದೆ, ಪ್ರತಿ ಪೀಳಿಗೆಯೂ ತನ್ನ ಕಾಲದ ಕಷ್ಟಕ್ಕೆ ತಾನೇ ಕೊಡಬೇಕು ಎಂದು ಅವರು 1929ರಲ್ಲಿ ಪತ್ರಿಕಾ ಲೇಖನದಲ್ಲಿ ವಾದಿಸಿದರು. ಅದಕ್ಕೆ ಮೊದಲೇ, 1928ರಲ್ಲಿ ನಿಧಿಯನ್ನು ಪುನರ್ರಚಿಸಿ ಎಡ್ವಿನ್ ಎಂಬ್ರೀ ಅವರನ್ನು ಮುಖ್ಯಸ್ಥರನ್ನಾಗಿ ನೇಮಿಸಿದ್ದರು. ತಮ್ಮ ಮರಣಾನಂತರ 25 ವರ್ಷಗಳೊಳಗೆ ಬಡ್ಡಿಯಷ್ಟೇ ಅಲ್ಲ, ಅಸಲೂ ಖರ್ಚಾಗಿ ನಿಧಿ ಮುಚ್ಚಬೇಕೆಂದು ವಿಧಿಸಿದ್ದರು.

1932ರ ಜನವರಿ 6ರಂದು ರೋಸೆನ್‌ವಾಲ್ಡ್ ತೀರಿಕೊಂಡರು. ಅವರಿಗೆ 69 ವರ್ಷ. ಮಹಾ ಕುಸಿತದಲ್ಲಿ ಸಿಯರ್ಸ್ ಷೇರಿನ ಬೆಲೆ ಪಾತಾಳ ಕಂಡಿತ್ತು. ನಿಧಿಯ ಸಂಪತ್ತೂ ಅದರೊಂದಿಗೆ ಕರಗಿತ್ತು. ಶಾಲೆ ಕಟ್ಟುವ ಕಾರ್ಯಕ್ರಮ ಅದೇ ವರ್ಷ ನಿಂತಿತು. ಬಳಿಕ ನಿಧಿಯ ಗಮನ ಶಿಕ್ಷಕರ ತರಬೇತಿ, ಆರೋಗ್ಯ, ಪ್ರತಿಭಾವಂತರ ಫೆಲೋಶಿಪ್‌ಗಳ ಕಡೆಗೆ ಹೊರಳಿತು. ಗಾಯಕಿ ಮರಿಯನ್ ಆಂಡರ್ಸನ್, ಕವಿ ಲ್ಯಾಂಗ್‌ಸ್ಟನ್ ಹ್ಯೂಸ್, ಚಿಂತಕ ಡು ಬೋಯಿಸ್ ಅವರಿಗೆ ಅದರ ನೆರವು ಸಿಕ್ಕಿತು. ಫೆಲೋಶಿಪ್ ಪಡೆದ ಮನೋವಿಜ್ಞಾನಿ ದಂಪತಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಪ್ರತ್ಯೇಕತೆ ಮಕ್ಕಳ ಮನಸ್ಸಿಗೆ ಮಾಡುವ ಗಾಯವನ್ನು ಬೊಂಬೆಗಳ ಪ್ರಯೋಗದಿಂದ ತೋರಿಸಿಕೊಟ್ಟರು. 1948ರಲ್ಲಿ, ದಾನಿ ಗೊತ್ತುಪಡಿಸಿದ ಗಡುವಿಗೂ ಮುನ್ನವೇ ನಿಧಿ ತನ್ನ ಬಾಗಿಲು ಮುಚ್ಚಿತು.

1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ರತ್ಯೇಕ ಶಾಲೆಗಳು ಸಂವಿಧಾನಬಾಹಿರವೆಂದು ಸಾರಿತು. ಆ ತೀರ್ಪಿನಲ್ಲಿ ಕ್ಲಾರ್ಕ್ ಅವರ ಸಂಶೋಧನೆಯ ಉಲ್ಲೇಖವಿತ್ತು. ಪ್ರತ್ಯೇಕತೆಯನ್ನು ನೇರವಾಗಿ ಎದುರಿಸದ ದಾನಿಯ ಹಣವೇ ಕೊನೆಗೆ ಅದರ ಬುಡಕ್ಕೆ ಪೆಟ್ಟು ಕೊಟ್ಟವರ ಕೈಗೂ ಒದಗಿತ್ತು.

ಉಳಿದ ಗೋಡೆಗಳು

ಒಟ್ಟಿಗೆ ಕಲಿಯುವ ಕಾಲ ಬಂದಂತೆ ರೋಸೆನ್‌ವಾಲ್ಡ್ ಶಾಲೆಗಳು ಒಂದೊಂದಾಗಿ ಮುಚ್ಚಿದವು. ಕೆಲವು ಹುಲ್ಲಿನ ಗೋದಾಮುಗಳಾದವು, ಹೆಚ್ಚಿನವು ನೆಲಕಚ್ಚಿದವು. 2002ರಲ್ಲಿ ಅಮೆರಿಕದ ಪರಂಪರೆ ಸಂರಕ್ಷಣಾ ಸಂಸ್ಥೆ ಇವುಗಳನ್ನು ಅಳಿವಿನಂಚಿನ ತಾಣಗಳ ಪಟ್ಟಿಗೆ ಸೇರಿಸಿತು. ಆಗ ಹಲವೆಡೆ ಹಳೆಯ ವಿದ್ಯಾರ್ಥಿಗಳು ಮತ್ತೆ ಸಭೆ ಸೇರಿದರು, ಮತ್ತೆ ವಂತಿಗೆ ಎತ್ತಿದರು. ಅಜ್ಜಂದಿರು ಕಟ್ಟಿದ ಗೋಡೆಗೆ ಮೊಮ್ಮಕ್ಕಳು ಸುಣ್ಣ ಬಳಿದರು. ಷಿಕಾಗೋದ ವಸತಿ ಸಮುಚ್ಚಯ ಕೂಡ 2000ರಲ್ಲಿ ಮುಚ್ಚಿ, ದುರಸ್ತಿಯಾಗಿ 2016ರಲ್ಲಿ ಮತ್ತೆ ತೆರೆಯಿತು. ರೋಸೆನ್‌ವಾಲ್ಡ್ ಮತ್ತು ಅವರ ಶಾಲೆಗಳ ಸ್ಮರಣೆಗೆ ರಾಷ್ಟ್ರೀಯ ಉದ್ಯಾನ ಸ್ಥಾಪಿಸುವ ಸಾಧ್ಯತೆಯನ್ನು ಅಧ್ಯಯನ ಮಾಡುವಂತೆ ಸೂಚಿಸುವ ಕಾನೂನು 2021ರ ಜನವರಿಯಲ್ಲಿ ಜಾರಿಗೆ ಬಂತು.

ಬಡವರನ್ನು ಸ್ವಾವಲಂಬಿಗಳನ್ನಾಗಿ ಮಾಡುವುದಾಗಿ ಹೇಳುವ ಅನುದಾನಗಳು ಎಲ್ಲ ದೇಶಗಳಲ್ಲೂ ಇವೆ. ಹಣ ಬರುವವರೆಗೆ ಓಡಿ, ಹಣ ನಿಂತ ದಿನ ನಿಲ್ಲುವ ಯೋಜನೆಗಳೇ ಅವುಗಳಲ್ಲಿ ಹೆಚ್ಚು. ರೋಸೆನ್‌ವಾಲ್ಡ್ ಅವರ ಅನುದಾನ ನಿಂತ ಮೇಲೂ ಶಾಲೆಗಳು ದಶಕಗಳ ಕಾಲ ನಡೆದವು. ಒಡೆತನ ಊರಿನದ್ದೂ ಹೊಣೆ ಸರ್ಕಾರದ್ದೂ ಆಗಿದ್ದು ಇದಕ್ಕೆ ಕಾರಣ. ಆದರೆ ಬಡವನಿಂದ ಪಾಲು ಕೇಳುವ ಮುನ್ನ, ಅವನಿಗೆ ನ್ಯಾಯವಾಗಿ ಸಲ್ಲಬೇಕಾದ ಪಾಲು ಸಂದಿದೆಯೇ ಎಂದು ಕೇಳಬೇಕೆಂಬ ಪಾಠವೂ ಅದೇ ಲೆಕ್ಕದ ಪುಸ್ತಕದಲ್ಲಿದೆ. 43 ಲಕ್ಷ ಕೊಟ್ಟವರ ಹೆಸರನ್ನು ಚರಿತ್ರೆ ಬರೆದಿಟ್ಟುಕೊಂಡಿದೆ. 47 ಲಕ್ಷ ಕೊಟ್ಟವರ ಹೆಸರುಗಳು ಆ ಗೋಡೆಗಳೊಳಗೆ ಸೇರಿಹೋಗಿವೆ.